ತೋರಿಸೋ ನಾಣ್ಯ ಅಸಲಿ, ಕೊಡೋ ಗಂಟು ನಕಲಿ



ಒಂದು ಫೋನ್ ಬರುತ್ತೆ. "ಅಣ್ಣಾ, ಹಳೇ ಮನೆ ಪಾಯ ತೆಗೆಯೋವಾಗ ಒಂದು ಗಡಿಗೆ ಬಂಗಾರದ ನಾಣ್ಯ ಸಿಕ್ಕೈತೆ. ಮಾರೋಕೆ ನಮಗೆ ಗೊತ್ತಾಗಲ್ಲ. ನೀವು ತಗೊಂಡ್ರೆ ಅರ್ಧ ರೇಟಿಗೆ ಕೊಡ್ತೀವಿ." ದಾವಣಗೆರೆ, ಚಿತ್ರದುರ್ಗ ಕಡೆಯ ಪೊಲೀಸರಿಗೆ ಈ ಕಥೆ ಬಾಯಿಪಾಠ. ಮೋಸ ಹೋಗೋರ ಊರು ಬದಲಾಗುತ್ತೆ, ಕಥೆ ಮಾತ್ರ ಬದಲಾಗಲ್ಲ.

ಮುಂದೇನಾಗುತ್ತೆ? ನಿಮ್ಮ ಕೈಗೆ ಒಂದೋ ಎರಡೋ ನಾಣ್ಯ ಕೊಡ್ತಾರೆ. "ನಿಮಗೆ ಗೊತ್ತಿರೋ ಅಂಗಡೀಲೇ ತೋರಿಸ್ಕೊಂಡು ಬನ್ನಿ" ಅಂತಾರೆ. ಅಂಗಡಿಯವರು ಒರೆಗಲ್ಲಿಗೆ ಉಜ್ಜಿ ನೋಡಿ ಬಂಗಾರ ಅಂತಾರೆ. ಅವರು ಸುಳ್ಳು ಹೇಳಿಲ್ಲ, ಅದು ನಿಜವಾಗಿಯೂ ಬಂಗಾರದ್ದೇ. ಅಲ್ಲಿಗೆ ನಿಮ್ಮ ಅನುಮಾನ ಸತ್ತುಹೋಯಿತು. ಜಮೀನು ಮಾರಿದ ದುಡ್ಡೋ, ಮಗಳ ಮದುವೆಗೆ ಇಟ್ಟ ದುಡ್ಡೋ ತಗೊಂಡು ಅವರು ಹೇಳಿದ ಜಾಗಕ್ಕೆ ಹೋಗ್ತೀರಿ. ದುಡ್ಡು ಆ ಕಡೆ, ಗಂಟು ಈ ಕಡೆ. "ಯಾರೋ ಬರ್ತಿದಾರೆ, ಬೇಗ ಹೊರಡಿ" ಅಂತ ಅವಸರ ಮಾಡ್ತಾರೆ. ಮನೆಗೆ ಬಂದು ಗಂಟು ಬಿಚ್ಚಿದರೆ ಒಳಗಿರೋದು ಹಿತ್ತಾಳೆ!

ಇಲ್ಲಿ ತಪ್ಪಿದ್ದು ಎಲ್ಲಿ? ಪರೀಕ್ಷೆ ಮಾಡಿಸಿದ್ದು ತಪ್ಪಲ್ಲ. ಯಾವ ನಾಣ್ಯವನ್ನು ಪರೀಕ್ಷಿಸಬೇಕು ಅನ್ನೋದನ್ನ ಮೋಸಗಾರನಿಗೇ ಬಿಟ್ಟಿದ್ದು ತಪ್ಪು. ಅವನು ಆರಿಸಿ ಕೊಟ್ಟ ನಾಣ್ಯ ಆ ನಾಣ್ಯದ ಬಗ್ಗೆ ಮಾತ್ರ ಸಾಕ್ಷಿ ಹೇಳುತ್ತೆ. ಗಂಟಿನಲ್ಲಿರೋ ಉಳಿದವುಗಳ ಬಗ್ಗೆ ಏನೂ ಹೇಳಲ್ಲ.

ಇದು ಆಸೆಬುರುಕರ ಕಥೆ, ನಮಗೇನು ಸಂಬಂಧ ಅಂತ ಹವ್ಯಾಸಕ್ಕೆ ನಾಣ್ಯ ಕೂಡಿಡೋರು ಅಂದುಕೊಳ್ಳಬೇಡಿ. ಅದರಲ್ಲೂ ಈಗಷ್ಟೇ ಶುರು ಮಾಡಿದವರು ಗಮನವಿಟ್ಟು ಕೇಳಿ. ದುಡ್ಡು ಕೊಡೋ ಪ್ರತಿಯೊಂದು ನಾಣ್ಯವನ್ನೂ ನೀವೇ ನೋಡಬೇಕು. ಅದಕ್ಕೆ ದೊಡ್ಡ ಪ್ರಯೋಗಾಲಯ ಬೇಕಿಲ್ಲ. ಸಣ್ಣ ಡಿಜಿಟಲ್ ತಕ್ಕಡಿ, ಅಳತೆಗೆ ಒಂದು ಕ್ಯಾಲಿಪರ್, ಒಂದು ಭೂತಗನ್ನಡಿ ಇದ್ದರೆ ಅರ್ಧ ಕೆಲಸ ಆದಂತೆ.

ಬ್ರಿಟಿಷರ ಕಾಲದ ಸವರನ್ ತಗೊಳ್ಳಿ. ನಮ್ಮಲ್ಲಿ 8 ಗ್ರಾಂ ಚಿನ್ನಕ್ಕೆ ಒಂದು ಪವನ್ ಅಂತೀವಲ್ಲ, ಆ ಲೆಕ್ಕ ಬಂದಿದ್ದೇ ಈ ನಾಣ್ಯದಿಂದ. 1918ರಲ್ಲಿ ಬಾಂಬೆಯಲ್ಲೂ ಇದನ್ನು ಟಂಕಿಸಿದ್ದರು. ಇದು 22 ಕ್ಯಾರೆಟ್. ತೂಕ 7.98 ಗ್ರಾಂ, ಅಗಲ 22 ಮಿಲಿಮೀಟರ್, ದಪ್ಪ ಒಂದೂವರೆ ಮಿಲಿಮೀಟರ್. ಈ ಮೂರೂ ಒಟ್ಟಿಗೆ ಸರಿಹೊಂದಬೇಕು. ಹಿತ್ತಾಳೆ ಚಿನ್ನಕ್ಕಿಂತ ತುಂಬಾ ಹಗುರ. ಅದೇ ಅಗಲ, ಅದೇ ದಪ್ಪಕ್ಕೆ ಹಿತ್ತಾಳೆಯಲ್ಲಿ ಮಾಡಿದರೆ ತೂಕ 4 ಗ್ರಾಂ ಆಸುಪಾಸು ಬರುತ್ತೆ. ತೂಕ ಸರಿ ಮಾಡೋಕೆ ಹೋದರೆ ದಪ್ಪ ಹೆಚ್ಚುಕಡಿಮೆ ಎರಡು ಪಟ್ಟಾಗುತ್ತೆ. ಮೇಲೆ ಎಷ್ಟೇ ಗಿಲೀಟು ಹಾಕಲಿ, ತಕ್ಕಡಿಗೆ ಗಿಲೀಟು ಹಾಕೋಕಾಗಲ್ಲ!

ಇನ್ನೊಂದು ಪರೀಕ್ಷೆ ಇದೆ. ತಕ್ಕಡಿ ಮೇಲೆ ನೀರಿನ ಲೋಟ ಇಟ್ಟು ಸೊನ್ನೆ ಮಾಡಿ. ನಾಣ್ಯವನ್ನು ದಾರಕ್ಕೆ ಕಟ್ಟಿ, ತಳಕ್ಕೆ ತಾಗದಂತೆ ನೀರಲ್ಲಿ ಮುಳುಗಿಸಿ. ಅಸಲಿ ಸವರನ್ ಆದರೆ ತಕ್ಕಡಿ ಅರ್ಧ ಗ್ರಾಂಗಿಂತ ಸ್ವಲ್ಪ ಕಡಿಮೆ ತೋರಿಸುತ್ತೆ. 8 ಗ್ರಾಂ ಹಿತ್ತಾಳೆ ಆದರೆ ಒಂದು ಗ್ರಾಂ ಹತ್ತಿರ ಬರುತ್ತೆ. ಅಯಸ್ಕಾಂತಕ್ಕೆ ಅಂಟಲಿಲ್ಲ, ಹಾಗಾಗಿ ಬಂಗಾರ ಅನ್ನೋ ಮಾತನ್ನ ಮಾತ್ರ ನಂಬಬೇಡಿ. ಹಿತ್ತಾಳೆ, ತಾಮ್ರನೂ ಅಯಸ್ಕಾಂತಕ್ಕೆ ಅಂಟಲ್ಲ.

ಇನ್ನು ವಿಜಯನಗರದ ವರಹ. ಪುಟ್ಟ ನಾಣ್ಯ, ಸುಮಾರು 3.4 ಗ್ರಾಂ. ಕೈಯಲ್ಲಿ ಸುತ್ತಿಗೆ ಹೊಡೆದು ಅಚ್ಚೊತ್ತಿದ್ದು. ಒಂದೊಂದು ಏಟೂ ಬೇರೆ, ಹಾಗಾಗಿ ಒಂದೇ ಅಚ್ಚಿನಿಂದ ಬಂದರೂ ಎರಡು ನಾಣ್ಯ ತದ್ರೂಪ ಇರಲ್ಲ. ಚಿತ್ರ ಒಂದರಲ್ಲಿ ಸ್ವಲ್ಪ ಎಡಕ್ಕೆ, ಇನ್ನೊಂದರಲ್ಲಿ ಬಲಕ್ಕೆ ಸರಿದಿರುತ್ತೆ. ಹತ್ತು ನಾಣ್ಯಗಳ ಅಂಚಿನಲ್ಲಿ ಒಂದೇ ಜಾಗದಲ್ಲಿ ಒಂದೇ ಬಿರುಕು, ಒಂದೇ ಕಡೆ ಒಂದೇ ಗುಳಿ ಕಂಡರೆ ಅರ್ಥ ಮಾಡಿಕೊಳ್ಳಿ. ಅವು ಟಂಕಸಾಲೆಯಿಂದ ಬಂದಿದ್ದಲ್ಲ, ಎರಕದ ಅಚ್ಚಿನಲ್ಲಿ ಹುಯ್ದಿದ್ದು.

ಇದಕ್ಕಿಂತ ಸೂಕ್ಷ್ಮವಾದ ಮೋಸ ಒಂದಿದೆ. ಬಂಗಾರ ನಿಜ, ನಾಣ್ಯ ಸುಳ್ಳು! ಕಳೆದ ಶತಮಾನದ ಮಧ್ಯದಲ್ಲಿ ಇಟಲಿ, ಲೆಬನಾನ್‌ಗಳಲ್ಲಿ ಅಸಲಿ ಚಿನ್ನದಲ್ಲೇ ನಕಲಿ ಸವರನ್ ಮಾಡಿದವರಿದ್ದರು. ಇಂಥದ್ದನ್ನು ತಕ್ಕಡಿಯೂ ಪಾಸ್ ಮಾಡಬಹುದು, ಒರೆಗಲ್ಲೂ ಪಾಸ್ ಮಾಡಬಹುದು. ಅಕ್ಕಸಾಲಿಗರು ಹೇಳೋದು ಲೋಹ ಯಾವುದು ಅಂತ. ಅದು ಯಾವ ಕಾಲದ್ದು ಅಂತ ಹೇಳೋಕೆ ನಾಣ್ಯ ಬಲ್ಲವರೇ ಬೇಕು. ಅಕ್ಷರ ಮಸುಕಾಗಿದೆಯಾ, ಅಂಚಿನ ಗೀರು ಸಮವಾಗಿದೆಯಾ ಅಂತ ಅಸಲಿ ನಾಣ್ಯದ ಪಕ್ಕದಲ್ಲಿಟ್ಟು ನೋಡಬೇಕು. ಹಳೇ ನಾಣ್ಯ ಅಂತ ಹೆಚ್ಚು ಬೆಲೆ ಕೊಡೋ ಮುಂಚೆ ಬಿಲ್ ಕೇಳಿ, ಎಲ್ಲಿಂದ ಬಂತು ಅಂತ ಕೇಳಿ. ಮುಜುಗರ ಬೇಡ, ದುಡ್ಡು ನಿಮ್ಮದು.

ಕೊನೆಯದಾಗಿ ಒಂದು ಮಾತು. ಮಣ್ಣಲ್ಲಿ ಸಿಕ್ಕ ನಿಧಿಯನ್ನು ಜಿಲ್ಲಾಡಳಿತಕ್ಕೆ ತಿಳಿಸಬೇಕು ಅನ್ನೋ ಕಾಯ್ದೆ ಈ ದೇಶದಲ್ಲಿ 1878ರಿಂದಲೂ ಇದೆ. ಅಂದಮೇಲೆ ಗಡಿಗೆಯ ಕಥೆ ನಿಜವಾದರೂ ಆ ವ್ಯಾಪಾರ ತಪ್ಪು, ಸುಳ್ಳಾದರೂ ನಷ್ಟ. ಇದು ಮೋಸಗಾರನಿಗೆ ಚೆನ್ನಾಗಿ ಗೊತ್ತು. "ಯಾರಿಗೂ ಹೇಳಬೇಡಿ" ಅಂತ ಅವನು ಹೇಳೋದು ನಿಮ್ಮನ್ನ ಕಾಪಾಡೋಕಲ್ಲ. ಮೋಸ ಹೋದ ಮೇಲೆ ನಾಚಿಕೆಗೆ, ಭಯಕ್ಕೆ ನೀವು ಠಾಣೆ ಮೆಟ್ಟಿಲು ಹತ್ತಬಾರದು ಅಂತ. ಈಗಾಗಲೇ ಮೋಸ ಹೋಗಿದ್ದರೆ ದಯವಿಟ್ಟು ಹೋಗಿ ದೂರು ಕೊಡಿ. ನೀವು ಸುಮ್ಮನಿದ್ದರೆ ಅದೇ ಗಂಟು ನಾಳೆ ಇನ್ನೊಬ್ಬರ ಮನೆ ಬಾಗಿಲಿಗೆ ಹೋಗುತ್ತೆ.

ಅರ್ಧ ಬೆಲೆಗೆ ಬಂಗಾರ ಅಂತ ಯಾರಾದರೂ ಬಂದರೆ ಒಂದೇ ಒಂದು ಪ್ರಶ್ನೆ ಕೇಳಿ ಸ್ವಾಮಿ: "ಗಂಟಿನಿಂದ ನಾನೇ ಒಂದು ನಾಣ್ಯ ಆರಿಸ್ಕೊಳ್ಳಲಾ? ಅಂಗಡಿಗೆ ಅದನ್ನ ತಗೊಂಡು ಹೋಗ್ತೀನಿ." ಅವನ ಮುಖ ನೋಡಿ. ಒರೆಗಲ್ಲೇ ಬೇಕಾಗಲ್ಲ.