ಅರಿಯದವರಿಗೆ ಓಲೆ ಕಳುಹುವ ಮುನ್ನ

(ಸಂಘದ ವಾರ್ಷಿಕೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ವಾರ್ಷಿಕೋತ್ಸವದ ವೇದಿಕೆಯಲ್ಲಿ ನಾಡುನುಡಿಗಳ ಮಹಿಮೆಯನ್ನು ಕೊಂಡಾಡುವುದು ರೂಢಿ. ಆ ಕಾರ್ಯವನ್ನು ನಮಗಿಂತ ಸಮರ್ಥರಾದವರು ನೆರವೇರಿಸಲಿದ್ದಾರೆ. ನಾವು ಇಂದು ತೀರ ಸಣ್ಣದೆಂದು ತೋರುವ ವಿಷಯವೊಂದನ್ನು ತಮ್ಮ ಮುಂದಿಡಲು ಬಯಸುತ್ತೇವೆ. ಪರಿಚಯವಿಲ್ಲದವರಿಗೆ ಸಂಘದ ಪರವಾಗಿ ಮಿಂಚಂಚೆ ಕಳುಹುವ ಮೊದಲು ಅವರ ವಿಳಾಸ ನಿಜವಾದುದೇ ಎಂದು ಪರೀಕ್ಷಿಸಿಕೊಳ್ಳುವುದು ಏಕೆ, ಹೇಗೆ ಎಂಬುದೇ ಆ ವಿಷಯ.

ಈ ಎಚ್ಚರ ಗಡಿನಾಡಿನ ಸಂಘಗಳಿಗೆ ಇತರರಿಗಿಂತ ಹೆಚ್ಚು ಅಗತ್ಯ. ಉದಕಮಂಡಲ, ಗೂಡಲೂರು, ಮಸಿನಗುಡಿಗಳಿಂದ ಹೊರಟ ಮಕ್ಕಳು ಇಂದು ಮೈಸೂರು, ಬೆಂಗಳೂರು, ಕೊಯಮತ್ತೂರುಗಳಲ್ಲಿಯೂ ಕಡಲಾಚೆಯ ದೇಶಗಳಲ್ಲಿಯೂ ನೆಲಸಿದ್ದಾರೆ. ಕನ್ನಡ ಪುಸ್ತಕಗಳು ಬೇಕಾದಾಗ, ಓದುವ ಬಡಮಕ್ಕಳಿಗೆ ನೆರವು ಬೇಕಾದಾಗ ನಾವು ಕೈಚಾಚಬೇಕಾದುದು ಅವರಲ್ಲಿಯೇ. ಅವರಲ್ಲಿ ಅನೇಕರು ನಮ್ಮನ್ನು ಕಂಡವರಲ್ಲ. ಅವರ ಪಾಲಿಗೆ ನಮ್ಮ ಓಲೆಯೇ ನಮ್ಮ ಮುಖ.

ಕಾಗದದ ಅಂಚೆಯ ಮಾತನ್ನು ಮೊದಲು ನೆನೆಯೋಣ. ತಮಿಳುನಾಡಿನಲ್ಲಿ ಗೂಡಲೂರು ಎಂಬ ಹೆಸರು ನಮ್ಮದೊಂದಕ್ಕೇ ಸೇರಿದುದಲ್ಲ. ತೇನಿ ಜಿಲ್ಲೆಯಲ್ಲಿ ಒಂದು ಗೂಡಲೂರಿದೆ, ಕೊಯಮತ್ತೂರು ಜಿಲ್ಲೆಯಲ್ಲಿ ಮತ್ತೊಂದಿದೆ. 1972ನೆಯ ಆಗಸ್ಟ್ 15ರಂದು ಪಿನ್‌ಕೋಡ್ ಜಾರಿಗೆ ಬಂದುದು ಇಂಥ ಗೊಂದಲಗಳ ನಿವಾರಣೆಗಾಗಿಯೇ. 643 ಎಂದು ಮೊದಲಾಗುವ ಸಂಖ್ಯೆಯನ್ನು ಕಂಡೊಡನೆ ಕಾಗದ ನೀಲಗಿರಿಯ ದಾರಿ ಹಿಡಿಯುತ್ತದೆ. ಸಂಖ್ಯೆ ತಪ್ಪಿದರೂ ಊರ ಜನರನ್ನು ಬಲ್ಲ ಅಂಚೆಯವನು ಹೆಸರನ್ನು ನೋಡಿ ಮನೆಯನ್ನು ಊಹಿಸಬಲ್ಲನು. ಮಿಂಚಂಚೆಗೆ ಇಂಥ ಕರುಣಾಳುವಾದ ಅಂಚೆಯವನಿಲ್ಲ. ಅಲ್ಲಿ ಒಂದಕ್ಷರ ತಪ್ಪಿದರೆ ಓಲೆ ಹಿಂದಿರುಗುತ್ತದೆ, ಇಲ್ಲವೇ ಬೇರೊಬ್ಬರ ಕೈ ಸೇರುತ್ತದೆ.

ತಪ್ಪುಗಳು ಹುಟ್ಟುವ ಬಗೆ ಹಲವು. ಸಭೆಯ ಹಾಜರಿ ಪುಸ್ತಕದಲ್ಲಿ ಕೈಬರಹದಿಂದ ಬರೆದ ಸೊನ್ನೆಗೂ ಇಂಗ್ಲಿಷಿನ ‘ಓ’ ಅಕ್ಷರಕ್ಕೂ, ಒಂದು ಎಂಬ ಅಂಕಿಗೂ ‘ಎಲ್’ ಅಕ್ಷರಕ್ಕೂ ಭೇದ ಕಾಣುವುದಿಲ್ಲ. ವಿಳಾಸದ ಕೆಳಗೆ ಗೆರೆ ಎಳೆದರೆ ಅದರೊಳಗಿನ ಅಡಿಗೆರೆ ಅಡಗಿಹೋಗುತ್ತದೆ. ನಮ್ಮ ಹೆಸರುಗಳದಂತೂ ವಿಶೇಷವಾದ ತೊಡಕು. ಗೀತಾ ಎಂಬ ಹೆಸರನ್ನು ದಕ್ಷಿಣದವರು ‘ಟಿ’ಯ ಬಳಿ ‘ಎಚ್’ ಸೇರಿಸಿ ಬರೆಯುತ್ತಾರೆ. ಉತ್ತರದವರು ಬರಿಯ ‘ಟಿ’ಯನ್ನು ಇಡುತ್ತಾರೆ. ಲಕ್ಷ್ಮಿಗೆ ಎರಡು ಮೂರು ವರ್ಣಕ್ರಮಗಳುಂಟು. ಶಿವಪ್ಪನವರು ತಮಿಳು ದಾಖಲೆಯಲ್ಲಿ ಸಿವಪ್ಪನವರಾಗಿರುವುದೂ ಉಂಟು. ಆದುದರಿಂದ ಹೆಸರನ್ನು ಕೇಳಿ ವಿಳಾಸವನ್ನು ಊಹಿಸುವುದು ಸರ್ವಥಾ ಸಲ್ಲದು.

ಕಾಲವೂ ವಿಳಾಸಗಳನ್ನು ಅಳಿಸುತ್ತದೆ. ಉದಕಮಂಡಲದ ಹಿಂದುಸ್ತಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆ 1960ರಲ್ಲಿ ಸ್ಥಾಪನೆಯಾಗಿ ಎಷ್ಟೋ ಕುಟುಂಬಗಳಿಗೆ ಅನ್ನವಿತ್ತು ಈಗ ಮುಚ್ಚಿದೆ. ಹಳೆಯ ಪಟ್ಟಿಯಲ್ಲಿ ಆ ಕಾರ್ಖಾನೆಯ ಹೆಸರಿನಲ್ಲಿರುವ ವಿಳಾಸಕ್ಕೆ ಬರೆದರೆ ಪಡೆಯುವವರಾರು? 1995ರ ಆಗಸ್ಟ್ 15ರಂದು ವಿದೇಶ ಸಂಚಾರ ನಿಗಮವು ನಮ್ಮ ಜನಸಾಮಾನ್ಯರಿಗೆ ಇಂಟರ್ನೆಟ್ಟನ್ನು ತೆರೆದುಕೊಟ್ಟಿತು. ಆ ನಿಗಮದ ಹೆಸರೇ 2008ರಲ್ಲಿ ಬದಲಾಯಿತು. ಆ ಕಾಲದ ಪರಿಚಯಪತ್ರಗಳಲ್ಲಿರುವ ವಿಳಾಸಗಳನ್ನು ಕಣ್ಣುಮುಚ್ಚಿ ನಂಬಲಾಗದು. ಎರಡು ವರ್ಷ ಬಳಸದ ಖಾತೆಗಳನ್ನು ತೆಗೆದುಹಾಕುವ ಕ್ರಮವನ್ನು ಗೂಗಲ್ ಸಂಸ್ಥೆ 2023ರ ಡಿಸೆಂಬರಿನಲ್ಲಿ ಆರಂಭಿಸಿದೆ.

ಇನ್ನು ಪರೀಕ್ಷೆಯ ಕ್ರಮ. ಮೊದಲನೆಯದು ಕಣ್ಣಿನ ಪರೀಕ್ಷೆ. ವಿಳಾಸದ ನಡುವೆ ‘ಅಟ್’ ಗುರುತು ಒಂದೇ ಇದೆಯೇ, ಕೊನೆಯಲ್ಲಿ ‘ಕಾಂ’ ಎಂಬುದು ‘ಕಾನ್’ ಆಗಿದೆಯೇ, ಜಿಮೇಲ್ ಎಂಬುದರಲ್ಲಿ ಅಕ್ಷರಗಳು ಹಿಂದುಮುಂದಾಗಿವೆಯೇ ಎಂದು ನೋಡಬೇಕು. ಎರಡನೆಯದು, ಆ ಗುರುತಿನ ಬಲಕ್ಕಿರುವ ಹೆಸರಿಗೆ ಅಂಚೆ ಸ್ವೀಕರಿಸುವ ಏರ್ಪಾಡು ಉಂಟೇ ಎಂಬುದು. ಇಂಟರ್ನೆಟ್ಟಿನ ಹೆಸರುಗಳ ದಾಖಲೆಯಲ್ಲಿ ಇದಕ್ಕೆಂದೇ ‘ಎಂಎಕ್ಸ್’ ಎಂಬ ನಮೂದು ಇರುತ್ತದೆ. ಮೂರನೆಯದು, ಆ ಸರ್ವರನ್ನೇ ಕೇಳುವುದು. 1982ರಲ್ಲಿ ಮಿಂಚಂಚೆಯ ಸಾಗಾಟದ ನಿಯಮಗಳು ರೂಪುಗೊಂಡಾಗ, “ಇಂಥವರು ನಿಮ್ಮಲ್ಲಿದ್ದಾರೆಯೇ?” ಎಂದು ಕೇಳುವುದಕ್ಕೆ ಒಂದು ಆಜ್ಞೆಯನ್ನೇ ಇರಿಸಿದ್ದರು. ವಂಚಕರು ಅದನ್ನು ದುರುಪಯೋಗಪಡಿಸಿದುದರಿಂದ ಇಂದು ಬಹುಪಾಲು ಸರ್ವರುಗಳು ಅದಕ್ಕೆ ನೇರವಾಗಿ ಉತ್ತರಿಸುವುದಿಲ್ಲ. ಆದುದರಿಂದ ಓಲೆ ಕೊಡುವವರಂತೆ ಬಾಗಿಲವರೆಗೆ ಹೋಗಿ, ಹೆಸರನ್ನು ಹೇಳಿ, ಉತ್ತರವನ್ನು ಕೇಳಿ ಹಿಂದಿರುಗುವ ಉಪಾಯವನ್ನು ತಂತ್ರಜ್ಞರು ಅನುಸರಿಸುತ್ತಾರೆ. 250 ಎಂದರೆ ಒಪ್ಪಿಗೆ. 550 ಎಂದರೆ ಸಾಮಾನ್ಯವಾಗಿ ಅಂಥವರಿಲ್ಲ. ಆದರೆ ಯಾವ ಹೆಸರು ಹೇಳಿದರೂ ‘ಇದ್ದಾರೆ’ ಎನ್ನುವ ಸರ್ವರುಗಳೂ ಇವೆ. ಯಂತ್ರದ ಉತ್ತರ ಅನುಮಾನಕ್ಕೆ ಆಧಾರವೇ ಹೊರತು ಪ್ರಮಾಣವಲ್ಲ.

ಇಷ್ಟೆಲ್ಲ ಶ್ರಮವೇಕೆ, ತಪ್ಪಿದ ಓಲೆ ಹಿಂದಿರುಗಿದರೆ ನಷ್ಟವೇನು ಎಂದು ಯಾರಾದರೂ ಕೇಳಬಹುದು. ನಷ್ಟವುಂಟು. ಹಿಂದಿರುಗುವ ಓಲೆಗಳು ಹೆಚ್ಚಿದಷ್ಟೂ ಕಳುಹಿದವರು ಕಸವನ್ನು ಹಂಚುವವರೆಂಬ ಶಂಕೆ ಯಂತ್ರಗಳಿಗೆ ಬರುತ್ತದೆ. ಆಮೇಲೆ ನಮ್ಮನ್ನು ಬಲ್ಲ ಸದಸ್ಯರಿಗೆ ಬರೆದ ಸಭೆಯ ಕರೆಯೂ ಕಸದ ಬುಟ್ಟಿಗೆ ಬೀಳುತ್ತದೆ. 2024ರ ಫೆಬ್ರುವರಿಯಿಂದ ಗೂಗಲ್ ಸಂಸ್ಥೆಯು ದಿನಕ್ಕೆ 5000ಕ್ಕೂ ಹೆಚ್ಚು ಓಲೆ ಕಳುಹುವವರ ವಿಷಯದಲ್ಲಿ, ಕಸವೆಂಬ ದೂರು ಸಾವಿರಕ್ಕೆ ಮೂರನ್ನು ಮುಟ್ಟಕೂಡದೆಂದು ವಿಧಿಸಿದೆ. ನಮ್ಮ ಸಂಘ ಅಷ್ಟು ದೊಡ್ಡದಲ್ಲ. ಆದರೆ ಅಳತೆಯ ಕೋಲು ಎಷ್ಟು ಚಿಕ್ಕದೆಂಬುದನ್ನು ಇದರಿಂದ ತಿಳಿಯಬಹುದು. ದೂರದ ಊರಿನಲ್ಲಿರುವವರಿಗೆ ನಮ್ಮ ಸಂಘ ಇದೆಯೆಂದು ತೋರಿಸುವ ಒಂದೇ ಕಿಟಕಿ ಹೀಗೆ ಮುಚ್ಚಿಹೋಗಬಾರದು.

ಎಲ್ಲಕ್ಕಿಂತ ಮುಖ್ಯವಾದ ಮಾತನ್ನು ಕೊನೆಗೆ ಇಟ್ಟಿದ್ದೇವೆ. ವಿಳಾಸ ನಿಜವಾದ ಮಾತ್ರಕ್ಕೆ ಬರೆಯುವ ಅಧಿಕಾರ ನಮಗೆ ಬಂದಂತಲ್ಲ. ಬಾಗಿಲು ಇದೆಯೆಂದು ಯಾರ ಮನೆಗೂ ನುಗ್ಗುವವರಲ್ಲ ನಾವು. 1978ರ ಮೇ 3ರಂದು ಅಮೆರಿಕದಲ್ಲಿ ಗ್ಯಾರಿ ಥರ್ಕ್ ಎಂಬಾತನು ಸುಮಾರು 400 ಜನರಿಗೆ ಕೇಳದ ಜಾಹೀರಾತನ್ನು ಒಮ್ಮೆಗೇ ಕಳುಹಿದಾಗ, ವಿಳಾಸಗಳು ಇದ್ದುವು, ಅನುಮತಿ ಇರಲಿಲ್ಲ. ಆತನಿಗೆ ದೊರೆತುದು ಬಹುವಾಗಿ ಆಕ್ಷೇಪಣೆಯೇ. ಆದುದರಿಂದ ಮೊದಲ ಓಲೆ ಚಿಕ್ಕದಾಗಿರಲಿ. ನಾವು ಯಾರು, ವಿಳಾಸ ಎಲ್ಲಿಂದ ದೊರೆಯಿತು, ಬೇಡವೆಂದರೆ ಮುಂದೆ ಬರೆಯುವುದಿಲ್ಲ ಎಂಬ ಮೂರು ಮಾತುಗಳು ಅದರಲ್ಲಿರಲಿ. ಸದಸ್ಯರ ಪಟ್ಟಿಯನ್ನು ಪರೀಕ್ಷೆಯ ನೆಪದಿಂದ ಗೊತ್ತಿಲ್ಲದ ಸಂಸ್ಥೆಗಳ ಕೈಗೊಪ್ಪಿಸದಿರೋಣ. ವ್ಯಕ್ತಿಗಳ ವಿವರಗಳನ್ನು ರಕ್ಷಿಸುವ ಕಾನೂನನ್ನು ಭಾರತದ ಸಂಸತ್ತು 2023ರಲ್ಲಿ ಅಂಗೀಕರಿಸಿದೆ. ಕಾನೂನು ಇರದಿದ್ದರೂ ನಂಬಿಕೆಯಿಂದ ಕೊಟ್ಟುದನ್ನು ಕಾಯುವುದು ಧರ್ಮವೇ ಅಲ್ಲವೇ?

ಆದಕಾರಣ ನಮ್ಮ ವಿಜ್ಞಾಪನೆ ಇಷ್ಟೇ. ಗೂಡಲೂರು, ಮಸಿನಗುಡಿ, ಉದಕಮಂಡಲಗಳ ಕಾರ್ಯಕರ್ತರು ತಮ್ಮ ತಮ್ಮ ಊರಿನ ಪಟ್ಟಿಯನ್ನು ಕೈಗೆತ್ತಿಕೊಂಡು, ಆಯಾ ಮನೆಯ ಹಿರಿಯರನ್ನು ಕಂಡು, ಹೊರಗಿರುವ ಮಕ್ಕಳ ವಿಳಾಸವನ್ನು ಮಕ್ಕಳ ಒಪ್ಪಿಗೆಯೊಡನೆಯೇ ಅಕ್ಷರಕ್ಷರವಾಗಿ ಬರೆಸಿಕೊಳ್ಳಲಿ. ಹಿಂದಿರುಗಿದ ವಿಳಾಸವನ್ನು ಅಂದೇ ಹೊಡೆದುಹಾಕಲಿ. ಹತ್ತು ಸಾವಿರ ಅನಾಮಿಕ ವಿಳಾಸಗಳಿಗಿಂತ ನೂರು ನಿಜವಾದ ಬಾಂಧವ್ಯಗಳು ಈ ಬೆಟ್ಟದ ಕನ್ನಡವನ್ನು ಕಾಯಬಲ್ಲವು.