ನಾವು ಕಂಡವರೆಷ್ಟು ಮಂದಿ?

(ಸುವರ್ಣ ಮಹೋತ್ಸವದ ಎರಡನೆಯ ದಿನದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ, ಶಾಲೆಯ ಮೊದಲ ತಂಡದ ವಿದ್ಯಾರ್ಥಿಯೂ ನಿವೃತ್ತ ಗಣಿತ ಶಿಕ್ಷಕರೂ ಆದವರೊಬ್ಬರು ಮಾಡಿದ ಭಾಷಣ)



ನನಗೆ ಹದಿನೈದು ನಿಮಿಷ ಕೊಟ್ಟಿದ್ದಾರೆ. ಮೇಷ್ಟ್ರ ಕೈಗೆ ಮೈಕು ಸಿಕ್ಕರೆ ಗಂಟೆ ಹೊಡೆಯುವವರೆಗೂ ಬಿಡುವುದಿಲ್ಲ ಎಂಬ ಭಯ ಸಂಘಟಕರಿಗಿದೆ. ಗಣಿತದ ಮೇಷ್ಟ್ರಾದ್ದರಿಂದ ಹಳೆಯ ನೆನಪುಗಳ ಬದಲು ಒಂದು ಲೆಕ್ಕ ತಂದಿದ್ದೇನೆ. ಹುಟ್ಟಿದಾಗಿನಿಂದ ಈ ಹೊತ್ತಿನವರೆಗೆ ನೀವು ಎಷ್ಟು ಜನರನ್ನು ಭೇಟಿಯಾಗಿದ್ದೀರಿ?

ಮಕ್ಕಳಲ್ಲಿ ಕೆಲವರು ಆಗಲೇ ಕೈ ಎತ್ತಿದ್ದಾರೆ. ಒಬ್ಬ ಸಾವಿರ ಎನ್ನುತ್ತಾನೆ, ಇನ್ನೊಬ್ಬಳು ಕೋಟಿ ಎನ್ನುತ್ತಾಳೆ. ಉತ್ತರಕ್ಕೆ ಅವಸರ ಬೇಡ. ಲೆಕ್ಕ ಮಾಡುವ ಮೊದಲು ಏನನ್ನು ಎಣಿಸುತ್ತಿದ್ದೇವೆ ಎಂಬುದು ತಿಳಿದಿರಬೇಕು. ಜಾತ್ರೆಯಲ್ಲಿ ತೇರು ಎಳೆಯುವಾಗ ಕಣ್ಣಿಗೆ ಬಿದ್ದವರೆಲ್ಲ ಭೇಟಿಯಾದವರಲ್ಲ. ‘ಯಾವೂರಾಯ್ತು?’ ‘ಊಟ ಆಯ್ತಾ?’ ಎಂದು ಎದುರುಬದುರು ನಿಂತು ಒಂದು ಮಾತಾದರೂ ಆಡಿದವರನ್ನು ಮಾತ್ರ ಲೆಕ್ಕಕ್ಕೆ ಹಿಡಿಯೋಣ. ಒಬ್ಬರನ್ನು ನೂರು ಸಲ ಕಂಡರೂ ಒಂದೇ ಲೆಕ್ಕ.

ಇಂಥ ಪ್ರಶ್ನೆಗೆ ಖಚಿತ ಉತ್ತರ ಎಲ್ಲೂ ಬರೆದಿಟ್ಟಿರುವುದಿಲ್ಲ, ಅಂದಾಜು ಕಟ್ಟಬೇಕು. ಇಟಲಿಯಲ್ಲಿ ಹುಟ್ಟಿದ ಭೌತವಿಜ್ಞಾನಿ ಎನ್ರಿಕೊ ಫರ್ಮಿ ಈ ವಿದ್ಯೆಯಲ್ಲಿ ನಿಪುಣರು. 1945ರ ಜುಲೈ 16ರಂದು ಅಮೆರಿಕದ ನ್ಯೂ ಮೆಕ್ಸಿಕೊ ಮರುಭೂಮಿಯಲ್ಲಿ ಮೊದಲ ಅಣುಬಾಂಬಿನ ಪರೀಕ್ಷೆ ನಡೆದಾಗ, ಮೈಲಿಗಟ್ಟಲೆ ದೂರದಲ್ಲಿ ನಿಂತು ಅವರು ಕಾಗದದ ಚೂರುಗಳನ್ನು ಕೈಯಿಂದ ಉದುರಿಸಿದರು. ಸ್ಫೋಟದ ಗಾಳಿ ಬಂದಾಗ ಚೂರುಗಳು ಸುಮಾರು ಎರಡೂವರೆ ಮೀಟರ್ ಸರಿದವು. ಅಷ್ಟರಿಂದಲೇ ಬಾಂಬಿನ ಬಲ 10,000 ಟನ್ ಟಿಎನ್‌ಟಿಯಷ್ಟು ಎಂದು ಅಂದಾಜು ಮಾಡಿದರು. ಆಮೇಲೆ ಉಪಕರಣಗಳಿಂದ ಅಳೆದಾಗ ಅದರ ಸುಮಾರು ಎರಡರಷ್ಟಿತ್ತು. ಕಾಗದದ ಚೂರು ಹಿಡಿದು ಅಷ್ಟು ಹತ್ತಿರ ಬಂದರೆ ಸಣ್ಣ ಮಾತಲ್ಲ. ದೊಡ್ಡ ಪ್ರಶ್ನೆಯನ್ನು ನಮಗೆ ಗೊತ್ತಿರುವ ಸಣ್ಣ ಸಣ್ಣ ತುಂಡು ಮಾಡಿಕೊಳ್ಳುವುದೇ ಈ ವಿದ್ಯೆಯ ಗುಟ್ಟು.

ನನ್ನ ಲೆಕ್ಕ ಹೇಳುತ್ತೇನೆ. ನನಗೀಗ ಅರವತ್ತು ದಾಟಿದೆ.

ನಾನು ಹುಟ್ಟಿದಾಗ ನಮ್ಮೂರಿನಲ್ಲಿ ಸುಮಾರು 200 ಮನೆ. ಮನೆಗೆ ಆರು ಜನರಂತೆ 1,200. 1975ರಲ್ಲಿ ಈ ಹೈಸ್ಕೂಲಿಗೆ ಸೇರಿದ ಮೇಲೆ ಸುತ್ತಲಿನ ಹಳ್ಳಿ, ಹಟ್ಟಿ, ತಾಂಡಾಗಳಿಂದ ಬಂದವರು 80. ಕಾಲೇಜು ಮತ್ತು ಬಿ.ಎಡ್. ಸೇರಿ 600. ಮೇಷ್ಟ್ರಾಗಿ 36 ವರ್ಷ, ವರ್ಷಕ್ಕೆ ಎಂಟನೇ ತರಗತಿಗೆ ಹೊಸದಾಗಿ 80 ಮಕ್ಕಳಂತೆ 2,880. ಆ ಮಕ್ಕಳಲ್ಲಿ ಅರ್ಧದಷ್ಟು ಜನರ ಅಪ್ಪನೋ ಅವ್ವನೋ ಶಾಲೆಗೆ ಬಂದು ಮಾತಾಡಿದ್ದಾರೆ ಎಂದರೆ 1,440. ಸಹೋದ್ಯೋಗಿಗಳು, ತರಬೇತಿಯಲ್ಲಿ, ಎಸ್ಸೆಸ್ಸೆಲ್ಸಿ ಮೌಲ್ಯಮಾಪನದಲ್ಲಿ ಪಕ್ಕದಲ್ಲಿ ಕೂತವರು 600. ಮದುವೆ, ಗೃಹಪ್ರವೇಶ, ತಿಥಿ ಎಂದು ವರ್ಷಕ್ಕೆ ಹತ್ತು ಕಡೆ ಹೋಗಿ, ಹೋದಲ್ಲೆಲ್ಲ ಹತ್ತು ಹೊಸಬರನ್ನು ಮಾತಾಡಿಸಿದರೆ 45 ವರ್ಷಕ್ಕೆ 4,500. ಬಸ್ಸು, ಸಂತೆ, ಅಂಗಡಿ, ಆಸ್ಪತ್ರೆಗಳಲ್ಲಿ ಎರಡು ದಿನಕ್ಕೊಬ್ಬ ಹೊಸಬರು ಎಂದರೆ ಅದೇ 45 ವರ್ಷಕ್ಕೆ 8,200.

ಇನ್ನೊಂದು ಬಾಬ್ತು ಇದೆ, ಜನಗಣತಿ. 1991, 2001 ಮತ್ತು 2011ರಲ್ಲಿ ನಾನು ಗಣತಿದಾರನಾಗಿದ್ದೆ. ಪ್ರತಿ ಸಲ ನನ್ನ ಪಾಲಿಗೆ ಬಂದದ್ದು ಸುಮಾರು 130 ಮನೆ. ಆರೇಳು ನೂರು ಹೆಸರು ಬರೆದುಕೊಂಡೆ ನಿಜ, ಆದರೆ ಮಾತಾಡಿದ್ದು ಮನೆಗೆ ಇಬ್ಬರೊಡನೆ. ಹಾಗಾಗಿ ಸಲಕ್ಕೆ 260, ಮೂರು ಸಲಕ್ಕೆ 780.

ಒಟ್ಟು ಕೂಡಿಸಿ ಮಕ್ಕಳೇ. 20,280. ಹಿಂದುಮುಂದು ಮಾಡಿ ಇಪ್ಪತ್ತು ಸಾವಿರ ಎನ್ನಿ.

ಈ ಲೆಕ್ಕದಲ್ಲಿ ಕಾಲು ಜಾರುವ ಜಾಗ ಒಂದಿದೆ. ಕಂಡಕ್ಟರ್ ಆಗಿ ನಿವೃತ್ತನಾದ ನನ್ನ ಸಹಪಾಠಿ ಅಲ್ಲಿ ಮೂರನೇ ಸಾಲಿನಲ್ಲಿ ಕೂತು ನಗುತ್ತಿದ್ದಾನೆ. ಬೆಳಿಗ್ಗೆ ಅವನನ್ನು ಕೇಳಿದೆ. ದಿನಕ್ಕೆ 400 ಟಿಕೆಟ್, ವರ್ಷಕ್ಕೆ 280 ದಿನ, 25 ವರ್ಷ. 28 ಲಕ್ಷ ಟಿಕೆಟ್ ಹರಿದಿದ್ದೇನೆ ಕಣೋ ಎಂದ. ಟಿಕೆಟ್ಟು ಅಷ್ಟಿರಬಹುದು, ಜನ ಅಷ್ಟಿಲ್ಲ. ಹಾಲಿನ ಕ್ಯಾನು ಹಿಡಿದು ಬರುವವರು ಅವರೇ, ಕಾಲೇಜಿನ ಪಾಸು ತೋರಿಸುವವರು ಅವರೇ, ಸೋಮವಾರದ ಸಂತೆಗೆ ಹೊರಟವರು ಅವರೇ. ನೂರು ಸಲ ಹತ್ತಿದವರು ನೂರು ಜನವಾಗುವುದಿಲ್ಲ. ಅವನ ಲೆಕ್ಕ ಐವತ್ತು ಸಾವಿರಕ್ಕೆ ಇಳಿದರೂ ನನ್ನ ಎರಡೂವರೆ ಪಟ್ಟು ಆಯಿತು. ಲೆಕ್ಕದಲ್ಲಿ ಅವನು ನನಗಿಂತ ಕಡಿಮೆ ಅಂಕ ತೆಗೆಯುತ್ತಿದ್ದ, ಜೀವನದಲ್ಲಿ ಮುಂದೆ ಹೋಗಿಬಿಟ್ಟ.

ಇಪ್ಪತ್ತು ಸಾವಿರ ದೊಡ್ಡದೋ ಚಿಕ್ಕದೋ? 2011ರ ಗಣತಿಯಂತೆ ಕರ್ನಾಟಕದ ಜನಸಂಖ್ಯೆ ಸುಮಾರು 6.11 ಕೋಟಿ. ಎಂದರೆ ನಾನು ಮಾತಾಡಿಸಿದ್ದು ಮೂರು ಸಾವಿರಕ್ಕೆ ಒಬ್ಬರನ್ನು. ದೇಶದ ಸುಮಾರು 121 ಕೋಟಿಗೆ ಹಿಡಿದರೆ ಅರವತ್ತು ಸಾವಿರಕ್ಕೆ ಒಬ್ಬರು. ಕನ್ನಡನಾಡಿನ ಎಲ್ಲರೂ ಸಾಲಾಗಿ ಬಂದು ಸೆಕೆಂಡಿಗೊಬ್ಬರಂತೆ ನಮಸ್ಕಾರ ಹೇಳಿ ಹೋದರೂ, ಊಟ ನಿದ್ದೆ ಬಿಟ್ಟು 707 ದಿನ ಕೈ ಮುಗಿದುಕೊಂಡು ನಿಂತಿರಬೇಕು. ‘ಲೋಕ ಕಂಡವನು ನಾನು’ ಎಂದು ಇನ್ನು ಮೇಲೆ ಯಾರಾದರೂ ಜಗಲಿಯ ಮೇಲೆ ಕೂತು ಹೇಳಿದರೆ ಈ ಲೆಕ್ಕ ಹೇಳಿಬಿಡಿ.

ಆ ಇಪ್ಪತ್ತು ಸಾವಿರದಲ್ಲಿ ಈಗಲೂ ನಮ್ಮ ಬಳಕೆಯಲ್ಲಿರುವವರು ಎಷ್ಟು? ಇದಕ್ಕೂ ಒಂದು ದಾರಿಯಿದೆ, ಅದು ಹುಟ್ಟಿದ್ದು ಒಂದು ದುರಂತದಿಂದ. 1985ರ ಸೆಪ್ಟೆಂಬರಿನಲ್ಲಿ ಮೆಕ್ಸಿಕೊ ನಗರದಲ್ಲಿ ಭಾರಿ ಭೂಕಂಪವಾಯಿತು. ಸತ್ತವರ ಸರಿಯಾದ ಸಂಖ್ಯೆ ಸಿಗಲಿಲ್ಲ. ರಸೆಲ್ ಬರ್ನಾರ್ಡ್, ಪೀಟರ್ ಕಿಲ್ವರ್ತ್ ಮೊದಲಾದ ಸಂಶೋಧಕರು, ಬದುಕಿರುವವರನ್ನು ‘ಸತ್ತವರಲ್ಲಿ ನಿಮಗೆ ಗೊತ್ತಿದ್ದವರು ಇದ್ದರೇ?’ ಎಂದು ಕೇಳಿ ಅದರಿಂದ ಲೆಕ್ಕ ಕಟ್ಟಲು ಹೊರಟರು. ಹಾಗೆ ಕಟ್ಟಲು, ಒಬ್ಬೊಬ್ಬರಿಗೆ ಒಟ್ಟು ಎಷ್ಟು ಜನ ಗೊತ್ತು ಎಂಬುದು ಮೊದಲು ಬೇಕಾಯಿತು. ಅದನ್ನು ಕಂಡುಹಿಡಿಯುವ ಉಪಾಯ ಮಕ್ಕಳಿಗೂ ಅರ್ಥವಾಗುವಂಥದ್ದು. ಒಂದು ತಾಲ್ಲೂಕಿನಲ್ಲಿ 2 ಲಕ್ಷ ಜನ, ಅವರಲ್ಲಿ 1,000 ಮಂದಿ ಮೇಷ್ಟ್ರುಗಳು ಎಂದುಕೊಳ್ಳಿ. ಆ ಸಾವಿರದಲ್ಲಿ ಮೂವರು ನಿಮಗೆ ಪರಿಚಯ. ಮೇಷ್ಟ್ರುಗಳಲ್ಲಿ ಸಾವಿರಕ್ಕೆ ಮೂವರು ಗೊತ್ತಿದ್ದರೆ, ಇಡೀ ತಾಲ್ಲೂಕಿನಲ್ಲೂ ಸಾವಿರಕ್ಕೆ ಮೂವರು ಗೊತ್ತಿರಬಹುದು, ಅಂದರೆ 600. ಮೇಷ್ಟ್ರ ಮಗನನ್ನು ಕೇಳಿದರೆ ಉತ್ತರ ಉಬ್ಬುತ್ತದೆ. ಅದಕ್ಕೇ ಬೇರೆ ಬೇರೆ ಕಸುಬಿನವರ ಬಗ್ಗೆ, ಬೇರೆ ಬೇರೆ ಹೆಸರಿನವರ ಬಗ್ಗೆ ಕೇಳಿ ಸರಾಸರಿ ತೆಗೆಯುತ್ತಾರೆ. ಅಮೆರಿಕದಲ್ಲಿ ಈ ದಾರಿಯಲ್ಲಿ ನಡೆದ ಅಧ್ಯಯನಗಳಲ್ಲಿ ಒಬ್ಬರಿಗೆ ಗೊತ್ತಿರುವವರು ಸುಮಾರು 300ರಿಂದ 600 ಎಂದು ಬಂದಿದೆ. ಉಳಿದವರು ಬಂದರು, ಒಂದು ಮಾತಾಡಿದರು, ಹೋದರು.

ಈಗ ಇದೇ ಲೆಕ್ಕವನ್ನು ನಮ್ಮವ್ವನಿಗೆ ಹಚ್ಚಿ ನೋಡೋಣ. ಅವ್ವ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಹುಟ್ಟಿದೂರಿನಲ್ಲಿ 900, ಸೇರಿದೂರಿನಲ್ಲಿ 1,200, ಐವತ್ತು ವರ್ಷದ ಮದುವೆ ಜಾತ್ರೆಗಳಲ್ಲಿ 2,000, ಸಂತೆ ಆಸ್ಪತ್ರೆ ಎಲ್ಲ ಸೇರಿ 900. ಒಟ್ಟು 5,000. ನನ್ನ ಲೆಕ್ಕದ ಕಾಲು ಭಾಗ. ಬುದ್ಧಿಯಲ್ಲಾಗಲಿ ಮಾತಿನಲ್ಲಾಗಲಿ ಅವಳು ನನಗಿಂತ ಕಡಿಮೆಯಿರಲಿಲ್ಲ. ಊರಿನ ಯಾವ ಮನೆಯ ಮಗು ಯಾವ ಮಳೆಯಲ್ಲಿ ಹುಟ್ಟಿತು ಎಂದು ಕೇಳಿದರೆ ಥಟ್ಟನೆ ಹೇಳುತ್ತಿದ್ದಳು. ಹಾಗಾದರೆ ಈ ವ್ಯತ್ಯಾಸ ಎಲ್ಲಿಂದ ಬಂತು?

ನನ್ನ ಪಟ್ಟಿಯನ್ನು ಮತ್ತೆ ನೋಡಿ. ಕಾಲೇಜಿನ 600, ವಿದ್ಯಾರ್ಥಿಗಳು 2,880, ಪೋಷಕರು 1,440, ಸಹೋದ್ಯೋಗಿಗಳು 600, ಗಣತಿಯ 780. ಇಷ್ಟು ಸೇರಿ 6,300. ಈ ಶಾಲೆ ಆಗದೆ ಹೋಗಿದ್ದರೆ ಆ 6,300 ಜನರನ್ನು ನಾನು ಕಾಣುತ್ತಿರಲಿಲ್ಲ. 1975ಕ್ಕೆ ಮೊದಲು ಹೈಸ್ಕೂಲು ಎಂದರೆ ಹದಿನೆಂಟು ಕಿಲೋಮೀಟರ್ ದೂರದ ತಾಲ್ಲೂಕು ಕೇಂದ್ರ. ನನಗಿಂತ ಎರಡು ವರ್ಷ ದೊಡ್ಡವರ ಓದು ಏಳನೇ ತರಗತಿಗೆ ನಿಂತದ್ದು ದಡ್ಡತನದಿಂದಲ್ಲ, ದೂರದಿಂದ.

ಅದಕ್ಕಿಂತಲೂ ಹೆಚ್ಚಿನ ಮಾತು ಆ ಪಟ್ಟಿಯ ಅತಿ ಚಿಕ್ಕ ಸಂಖ್ಯೆಯಲ್ಲಿದೆ, ಈ ಹೈಸ್ಕೂಲಿನ 80 ಮಂದಿಯಲ್ಲಿ. ಮದುವೆಮನೆಯ 4,500 ಜನರಲ್ಲಿ ಬಹುಪಾಲು ನಮ್ಮ ಕಡೆಯವರೇ. ಅಂಗಡಿ ಆಸ್ಪತ್ರೆಗಳಲ್ಲಿ ಮಾತಾಡಿಸಿದ್ದು ಕೆಲಸಕ್ಕಾಗಿ. ಆದರೆ ಎಂಟನೇ ತರಗತಿಯ ಬೆಂಚಿನಲ್ಲಿ ಪಕ್ಕಕ್ಕೆ ಯಾರು ಕೂರಬೇಕು ಎಂದು ನಮ್ಮ ಮನೆಯವರನ್ನು ಯಾರೂ ಕೇಳಲಿಲ್ಲ. ಎತ್ತರ ನೋಡಿ ಕೂರಿಸಿದರು. ಹೊರಗೆ ಜಗಲಿಯಿಂದ ಆಚೆ ನಿಂತು ಮಾತಾಡಬೇಕಾಗಿದ್ದವನ ಜ್ಯಾಮಿಟ್ರಿ ಪೆಟ್ಟಿಗೆಯಿಂದ ನಾನು ಕೈವಾರ ಇಸಕೊಂಡೆ. ನನ್ನ ಬುತ್ತಿಯ ರೊಟ್ಟಿ ಅವನು ತಿಂದ. ಅಷ್ಟು ಬೇರೆ ಬೇರೆ ಮನೆಗಳವರ ಜೊತೆ ಮೂರು ವರ್ಷ ದಿನವಿಡೀ ಕೂತದ್ದು ನನ್ನ ಆಯುಸ್ಸಿನಲ್ಲಿ ಅದೊಂದೇ ಸಲ. ಈಗ ಬೆಳಿಗ್ಗೆ ಏಳೂವರೆಗೆ ಊರಬಾಗಿಲಿಗೆ ನಾಲ್ಕು ಶಾಲೆಗಳ ಹಳದಿ ವ್ಯಾನು ಬರುತ್ತವೆ. ಒಂದೇ ಬೀದಿಯ ಮಕ್ಕಳು ನಾಲ್ಕು ದಿಕ್ಕಿಗೆ ಹೋಗುತ್ತಾರೆ. ಕಳುಹಿಸುವವರನ್ನು ನಾನು ದೂರುವುದಿಲ್ಲ, ಮಗು ಚೆನ್ನಾಗಿರಲಿ ಎಂಬ ಆಸೆ ಎಲ್ಲರದೂ. ಆದರೆ ಪಕ್ಕದ ಮನೆಯ ಮಗುವನ್ನು ಅವರು ಎಲ್ಲಿ ಭೇಟಿಯಾಗಬೇಕು ಎಂಬ ಪ್ರಶ್ನೆಯನ್ನು ಊರು ಕೇಳಿಕೊಳ್ಳಬೇಕು.

ಕೊನೆಯದಾಗಿ ಒಂದು ಕೋರಿಕೆ. ಅದಕ್ಕೆ ಮೊದಲು ಗಣತಿಯ ಇನ್ನೊಂದು ವಿಷಯ ಹೇಳಬೇಕು. 2011ರಲ್ಲಿ ಫೆಬ್ರವರಿ 9ರಿಂದ 28ರವರೆಗೆ ಮನೆಮನೆಯ ಎಣಿಕೆ ನಡೆಯಿತು. 28ರ ರಾತ್ರಿ ಇನ್ನೊಂದು ಎಣಿಕೆ ಇತ್ತು, ಮನೆಯಿಲ್ಲದವರದು. ಬಸ್ ನಿಲ್ದಾಣ, ಗುಡಿಯ ಮುಂಭಾಗ, ರಸ್ತೆಬದಿಯ ಟೆಂಟುಗಳಿಗೆ ಗಣತಿದಾರರು ರಾತ್ರಿ ಹೋಗಿ, ಅಲ್ಲಿ ಮಲಗಿದವರ ಹೆಸರು ಕೇಳಿ ಬರೆದುಕೊಳ್ಳಬೇಕು. ಬಾಗಿಲು ತಟ್ಟಿ ಎಣಿಸುವ ಲೆಕ್ಕದಲ್ಲಿ ಬಾಗಿಲೇ ಇಲ್ಲದವರು ಬಿಟ್ಟುಹೋಗುತ್ತಾರೆ ಎಂದು ತಿಳಿದವರು ಮಾಡಿದ ನಿಯಮ ಅದು.

ನಮ್ಮ ಹಳೆಯ ವಿದ್ಯಾರ್ಥಿಗಳ ಸಂಘ ಈಗ ಹೆಸರಿನ ಪಟ್ಟಿ ಮಾಡಲು ಹೊರಟಿದೆ. ಎಸ್ಸೆಸ್ಸೆಲ್ಸಿ ಪಾಸಾದವರ ಪಟ್ಟಿಯಿಂದ ಶುರು ಮಾಡುವುದು ಸುಲಭ. ಸುಲಭವಾದ್ದರಿಂದಲೇ ನನಗೆ ಅಳುಕು. ಮೊದಲ ತಂಡದಲ್ಲಿ ಸೇರಿದವರು 34. ಹತ್ತನೇ ತರಗತಿಯವರೆಗೆ ಬಂದವರು 22. ಉಳಿದ 12 ಮಂದಿ ನಡುವೆಯೇ ಬಿಟ್ಟರು. ಒಬ್ಬ ಕುರಿ ಕಾಯಲು ಹೋದ, ಒಬ್ಬ ಅಣ್ಣನ ಜೊತೆ ಕಲ್ಲುಗಣಿಗೆ ಹೋದ. ಬಾಯಿಲೆಕ್ಕದಲ್ಲಿ ನಮ್ಮೆಲ್ಲರಿಗಿಂತ ಮುಂದಿದ್ದ ಒಬ್ಬಳಿಗೆ ಎಂಟನೇ ತರಗತಿಯ ಬೇಸಿಗೆ ರಜದಲ್ಲಿ ಮದುವೆಯಾಯಿತು. ಜೂನ್‌ನಲ್ಲಿ ಅವಳ ಜಾಗಕ್ಕೆ ಇನ್ನೊಬ್ಬಳು ಬಂದು ಕೂತಳು. ಪಾಸಾದವರ ಪಟ್ಟಿಯಲ್ಲಿ ಇವರಾರೂ ಇಲ್ಲ.

ಆದರೆ ಮುಖ್ಯೋಪಾಧ್ಯಾಯರ ಕೊಠಡಿಯ ಬೀರುವಿನಲ್ಲಿ ದಾಖಲಾತಿ ರಿಜಿಸ್ಟರ್ ಇದೆ. ಶಾಲೆಗೆ ಒಂದೇ ಒಂದು ದಿನ ಬಂದವರ ಹೆಸರೂ ಅದರಲ್ಲಿದೆ. ನಮ್ಮ ಪಟ್ಟಿ ಅಲ್ಲಿಂದ ಶುರುವಾಗಲಿ. ಒಂಬತ್ತನೇ ತರಗತಿಯ ಮಕ್ಕಳಿಗೆ ಇದನ್ನು ಕೆಲಸವಾಗಿ ಕೊಡಿ. ಮೊದಲು ಅಂದಾಜು ಮಾಡಲಿ. ನನ್ನ ಅಂದಾಜು ವರ್ಷಕ್ಕೆ 60ರಂತೆ 50 ವರ್ಷಕ್ಕೆ 3,000. ಆಮೇಲೆ ಮೇಷ್ಟ್ರ ಕಣ್ಣೆದುರಿನಲ್ಲಿ ರಿಜಿಸ್ಟರ್ ತೆಗೆದು ಎಣಿಸಿ ತಾಳೆ ನೋಡಲಿ. ನನ್ನ ಅಂದಾಜು ಎಷ್ಟು ತಪ್ಪಿತು ಎಂದು ಬೋರ್ಡಿನ ಮೇಲೆ ಬರೆಯಲಿ, ನನಗೆ ಸಂತೋಷವೇ. ಆಮೇಲೆ ದೊಡ್ಡವರ ಸರದಿ. ಪ್ರತಿ ತಂಡದವರು ತಮ್ಮ ಜೊತೆ ಸೇರಿ ನಡುವೆ ಬಿಟ್ಟವರು ಈಗ ಎಲ್ಲಿದ್ದಾರೆ ಎಂದು ವಿಚಾರಿಸಲಿ. ಇದ್ದವರನ್ನು ಮುಂದಿನ ಸಭೆಗೆ ಮನೆಗೆ ಹೋಗಿ ಕರೆಯಲಿ. ‘ನಾನು ಪಾಸಾದವಳಲ್ಲ, ನನಗೇನು ಕೆಲಸ ಅಲ್ಲಿ’ ಎಂದರೆ, ‘ರಿಜಿಸ್ಟರಿನಲ್ಲಿ ನಿಮ್ಮ ಹೆಸರಿದೆ, ಬನ್ನಿ’ ಎನ್ನಲಿ.

ಮೊದಲ ತಂಡದ 12 ಮಂದಿಯ ಜವಾಬ್ದಾರಿ ನನ್ನದು ಮತ್ತು ಮೂರನೇ ಸಾಲಿನ ಕಂಡಕ್ಟರನದು. ನಾಲ್ವರ ವಿಳಾಸ ಸಿಕ್ಕಿದೆ. ಬಾಕಿ ಎಂಟು. ಈ ಸಭೆಯಲ್ಲಿ ಅವರ ಸುಳಿವು ಬಲ್ಲವರು ಯಾರಾದರೂ ಇದ್ದರೆ ಊಟದ ಪಂಕ್ತಿಯಲ್ಲಿ ನಮ್ಮಿಬ್ಬರಲ್ಲೊಬ್ಬರನ್ನು ಹಿಡಿಯಿರಿ.