ಉತಾರದಲ್ಲಿ ಯಾರ ಹೆಸರಿದೆ?
(ಮಗರಪಟ್ಟಾದಲ್ಲಿ ಸೇರಿದ ಕನ್ನಡ ಕಾರ್ಮಿಕರ ಸಭೆಯಲ್ಲಿ ಮಾಡಿದ ಭಾಷಣ)



ರಾತ್ರಿ ಪಾಳಿ ಮುಗಿಸಿದವರು ನಿದ್ದೆಗೆಟ್ಟು ಬಂದಿದ್ದೀರಿ. ಹೋಟೆಲಿನವರು ಸಂಜೆಯ ಗಿರಾಕಿ ಬರುವುದರೊಳಗೆ ಹಿಂತಿರುಗಬೇಕು. ಆದುದರಿಂದ ಊರಿನ ಹೊಲ ಮತ್ತು ಅದರ ಮೇಲೆ ಸರಕಾರ ಕೊಡುವ ಹಣ, ಇಷ್ಟರ ಬಗ್ಗೆಯೇ ಮಾತಾಡುತ್ತೇವೆ.

ಕೇಂದ್ರ ಸರಕಾರದ ಕಿಸಾನ್ ಸಮ್ಮಾನ್ ಯೋಜನೆ 2019ರ ಫೆಬ್ರವರಿಯಲ್ಲಿ ಆರಂಭವಾಯಿತು. ವರುಷಕ್ಕೆ 6000 ರೂಪಾಯಿ, ಎರಡೆರಡು ಸಾವಿರದ ಮೂರು ಕಂತು. ತಿಂಗಳಿಗೆ 500 ಬಿದ್ದಂತಾಯಿತು. ಪುಣೆಯಲ್ಲಿ ಇದು ದೊಡ್ಡ ಮೊತ್ತವಲ್ಲ. ಬಿತ್ತಿಗೆಯ ಹೊತ್ತಿಗೆ ಬಂದರೆ ಬೀಜಕ್ಕಾಗಿ ಸಾಹುಕಾರನ ಬಾಗಿಲು ಕಾಯುವುದು ತಪ್ಪುತ್ತದೆ. ಕರ್ನಾಟಕ ಸರಕಾರ 2019ರಿಂದ ಇದಕ್ಕೆ 4000 ಸೇರಿಸುತ್ತಿತ್ತು. 2023ರಲ್ಲಿ ಅದು ನಿಂತಿತು. ಅದೇ ವರುಷ ಮಹಾರಾಷ್ಟ್ರ ತನ್ನ 6000 ಸೇರಿಸಿತು. ಜತ್ತ, ಅಕ್ಕಲಕೋಟೆಯ ಕನ್ನಡಿಗನಿಗೂ ಇಂಡಿ, ಅಫಜಲಪುರದ ಕನ್ನಡಿಗನಿಗೂ ಬೆಳೆಯುವ ಜೋಳ ಒಂದೇ, ಬರುವ ಹಣ ಬೇರೆ!

ಆದರೆ ಈ ಹಣ ನೇಗಿಲು ಹಿಡಿದವನನ್ನು ಹುಡುಕಿಕೊಂಡು ಬರುವುದಿಲ್ಲ, ಉತಾರದಲ್ಲಿರುವ ಹೆಸರನ್ನು ಹುಡುಕಿಕೊಂಡು ಬರುತ್ತದೆ. ಪಾಲಿಗೆ ಮಾಡುವವನಿಗೆ ಇಲ್ಲ, ಕೂಲಿಯವನಿಗೆ ಇಲ್ಲ. ಹೊಲದಲ್ಲಿ ಕಳೆ ತೆಗೆದು ಬೆನ್ನು ಬಾಗಿದ ತಾಯಿಯ ಹೆಸರು ಉತಾರದಲ್ಲಿಲ್ಲದಿದ್ದರೆ ಅವಳಿಗೂ ಇಲ್ಲ. ಇದು ಯೋಜನೆಯ ದೋಷವೆಂದೇ ನಮ್ಮ ಅಭಿಪ್ರಾಯ.

ನಾವು ಕುಳಿತಿರುವ ಈ ನೆಲವೂ ಒಂದು ಕಾಲಕ್ಕೆ ಹೊಲವೇ. ಇಲ್ಲಿಯ ನೂರಕ್ಕೂ ಹೆಚ್ಚು ರೈತ ಕುಟುಂಬಗಳು ಸುಮಾರು 400 ಎಕರೆಯನ್ನು ಬಿಡಿಬಿಡಿಯಾಗಿ ಮಾರದೆ ಒಟ್ಟುಗೂಡಿಸಿ ಕಂಪನಿ ಕಟ್ಟಿದರು. ಜಮೀನಿನ ಅಳತೆಗೆ ತಕ್ಕಂತೆ ಪಾಲು ದೊರೆಯಿತು. ಅಲ್ಲಿಯೂ ಕಾಗದವೇ ಮಾತಾಡಿತು.

ನಮ್ಮ ಕಾಗದಗಳ ಗತಿಯೇನು? ಇಂಡಿ ಕಡೆಯ ನಮ್ಮ ಸಂಗಡಿಗರೊಬ್ಬರ ತಂದೆ ತೀರಿಕೊಂಡರು. ಕಂತು ನಿಂತಿತು. ನಾಲ್ಕು ಎಕರೆ ಸತ್ತವರ ಹೆಸರಿನಲ್ಲೇ ಉಳಿಯಿತು. ಊರಿನಲ್ಲಿ ಉಳುವ ಅಣ್ಣ, "ತಮ್ಮಾ, ಒಮ್ಮೆ ಬಂದು ಸಹಿ ಮಾಡಿ ಹೋಗು" ಎಂದು ಫೋನು ಮಾಡಿದ. ತಮ್ಮ ರಜೆಯಿಲ್ಲವೆಂದ. ಹೀಗೆ ಎರಡು ವರುಷ. ನಿಜವಾದ ಕಾರಣ ರಜೆಯಲ್ಲ, ಸಹಿ ಹಾಕಿದರೆ ಪಾಲು ಹೋದೀತೆಂಬ ಭಯ. ಇತ್ತ ಅಣ್ಣನಿಗೆ, ತಮ್ಮ ಬಂದರೆ ಹೊಲ ಒಡೆಯಲು ಕೇಳುವನೆಂಬ ಸಂಶಯ. ಕೊನೆಗೆ ತಾಯಿಯೇ ಫೋನಿನಲ್ಲಿ ಅತ್ತ ಮೇಲೆ ಇವರು ಹೋದರು. ಪೌತಿ ಖಾತೆಯಾಗಿ ತಾಯಿ, ಮಕ್ಕಳೆಲ್ಲರ ಹೆಸರು ಸೇರಿತು. ಯಾರ ಪಾಲೂ ಹೋಗಲಿಲ್ಲ. ಈಗ ತಮ್ಮನ ಖಾತೆಗೆ ಬಂದ ಕಂತು ಅಣ್ಣನಿಗೆ ಹೋಗುತ್ತದೆ, ಉಳುವವನು ಅಣ್ಣನಲ್ಲವೇ?

ಪೌತಿ ಖಾತೆಗೆ ಮರಣದ ದಾಖಲೆ, ವಂಶಾವಳಿ ಮತ್ತು ಉತಾರ ಬೇಕು. ವಂಶಾವಳಿಯಲ್ಲಿ ಅಕ್ಕತಂಗಿಯರ ಹೆಸರು ನುಂಗಬೇಡಿರಿ. 2005ರ ತಿದ್ದುಪಡಿ ಹಿಂದೂ ಅವಿಭಕ್ತ ಕುಟುಂಬದ ಹೆಣ್ಣುಮಕ್ಕಳಿಗೆ ಗಂಡುಮಕ್ಕಳಷ್ಟೇ ಹಕ್ಕು ಕೊಟ್ಟಿದೆ. ಮುಂದೆ ಆಧಾರ್, ಬ್ಯಾಂಕ್ ಖಾತೆ ಕೂಡಿಸಿ ಇ-ಕೆವೈಸಿ ಮಾಡಿಸಬೇಕು. ತಂದೆಯ ಆಧಾರಿಗೆ ನಿಮ್ಮ ಫೋನು ನಂಬರು ಕೊಟ್ಟಿದ್ದರೆ ಒಟಿಪಿ ಬರುವುದು ನಿಮಗೆ. ಅಂಥ ಹೊತ್ತಿನಲ್ಲಿ ಊರಿಂದ ಕರೆ ಬಂದರೆ ದೋಸೆ ಕಲ್ಲಿನ ಮುಂದಿದ್ದರೂ ಎತ್ತಿರಿ. ಮಾತ್ರ, ಗುರುತಿಲ್ಲದವರು ಕೇಳಿದರೆ ಆ ಅಂಕಿ ಹೇಳಬೇಡಿರಿ.

ದೀಪಾವಳಿಗೆ ಊರಿಗೆ ಹೋಗುವವರು ಉತಾರದ ಪ್ರತಿ ತನ್ನಿರಿ. ಅರ್ಜಿ ಬರೆಯಲಾರದವರಿಗೆ ಭಾನುವಾರ ಬೆಳಿಗ್ಗೆ ನಾವು ಕುಳಿತು ಬರೆದುಕೊಡುತ್ತೇವೆ.